ಚಾರ್ಟ್ ತುಂಬಾ ಸಹಿ, ಮಾತ್ರೆ ನೋಡಿದ್ರೆ ಅಪ್ಪನ ಜೇಬಲ್ಲಿ. ಏನಂತ ಕೇಳೋದು?

ಕಿರಿಮಗಳು
ಅಪ್ಪನಿಗೆ 81. ಏಳು ತಿಂಗಳಿಂದ ವೃದ್ಧರ ಆರೈಕೆ ಕೇಂದ್ರದಲ್ಲಿದ್ದಾರೆ. ಪಾರ್ಕಿನ್ಸನ್ಸ್, ಬಿಪಿ ಎರಡೂ ಇದೆ, ಈಚೆಗೆ ಸ್ವಲ್ಪ ಮರೆವೂ ಶುರುವಾಗಿದೆ. ಭಾನುವಾರ ಹೋದಾಗ ಒಗೆಯೋಕೆ ಹಾಕೋಣ ಅಂತ ಅಂಗಿ ಜೇಬು ತಡಕಿದೆ. ನಾಲ್ಕು ಮಾತ್ರೆ ಸಿಕ್ತು. ಅದರಲ್ಲೊಂದು ಅರ್ಧ ಕರಗಿ ಬಟ್ಟೆಗೆ ಅಂಟಿಕೊಂಡಿತ್ತು, ಅಂದ್ರೆ ಬಾಯಿಗೆ ಹೋಗಿ ವಾಪಸ್ ಬಂದಿದ್ದು.

ಕೌಂಟರಲ್ಲಿ ಚಾರ್ಟ್ ಕೇಳಿ ನೋಡಿದೆ. ಆ ವಾರದ ಒಂದೊಂದು ಡೋಸಿಗೂ ಸಹಿ ಇದೆ. ಒಂದು ಖಾನೆಯೂ ಖಾಲಿ ಇಲ್ಲ. 'ಕೊಟ್ಟಿದ್ದೀವಿ ಮೇಡಂ, ಸಹಿ ಇದೆಯಲ್ಲ' ಅಂದ್ರು. ಜೇಬಲ್ಲಿ ಸಿಕ್ಕಿದ್ದನ್ನ ಅಂಗೈ ಮೇಲಿಟ್ಟು ತೋರಿಸಿದೆ. ಆಮೇಲೆ ಅವರೂ ಮಾತಾಡ್ಲಿಲ್ಲ, ನಾನೂ ಆಡ್ಲಿಲ್ಲ.

ಜಗಳ ಆಡೋಕೆ ಮನಸ್ಸಿಲ್ಲ. ನಾನು ಈಚೆ ಬಂದ ಮೇಲೆ ಅಪ್ಪ ಇರೋದು ಅವರ ಕೈಲೇ. ಹಾಗಂತ ಸುಮ್ನಿರೋಕೂ ಆಗ್ತಿಲ್ಲ. ಗೊತ್ತಿರೋರು ಹೇಳಿ, ಏನು ಕೇಳ್ಬೇಕು?

ಗುಡುಗು_ಸಿಡಿಲು
ಬೇರೆ ಕಡೆ ಸೇರಿಸಿ. ದುಡ್ಡೂ ತಗೊಂಡು ಸುಳ್ಳು ಸಹಿನೂ ಹಾಕ್ತಾರೆ. ಇದರಲ್ಲಿ ಕೇಳೋದೇನಿದೆ?

ನೈಟ್‌ಡ್ಯೂಟಿ
ಬೇರೆ ಕಡೆನೂ ಅಂಗಿಗೆ ಜೇಬು ಇರುತ್ತೆ ಸಾರ್.

ನಾನು ಇಂಥದ್ದೇ ಜಾಗದಲ್ಲಿ ಹನ್ನೊಂದು ವರ್ಷದಿಂದ ನರ್ಸ್. ಅಲ್ಲಿ ಏನಾಗಿರಬಹುದು ಅಂತ ಹೇಳ್ತೀನಿ. ಬೆಳಿಗ್ಗೆ ಟ್ರಾಲಿ ತಳ್ಕೊಂಡು ಹೊರಟ್ರೆ ಮೂವತ್ತು ಚಿಲ್ಲರೆ ಜನಕ್ಕೆ ಕೊಡಬೇಕು. ಮಧ್ಯದಲ್ಲಿ ಒಬ್ಬರು ಬಾತ್‌ರೂಮಿಗೆ ಕರೀತಾರೆ, ಫೋನ್ ಹೊಡ್ಕೊಳ್ಳುತ್ತೆ, ಯಾರೋ ಮಗ ಬಂದು 'ಸಿಸ್ಟರ್ ಒಂದ್ನಿಮಿಷ' ಅಂತಾರೆ. ಆಗ ಕೈ ಏನ್ ಕಲಿಯುತ್ತೆ ಅಂದ್ರೆ, ಮಾತ್ರೆ ಕಪ್ಪಿಗೆ ಹಾಕೋವಾಗಲೇ ಸಹಿನೂ ಹಾಕ್ಬಿಡೋದು. ಆ ಕಪ್ಪನ್ನ ಮಂಚದ ಪಕ್ಕ ಇಟ್ಟು ಮುಂದಕ್ಕೆ. ನಿಯಮ ಇರೋದು ತದ್ವಿರುದ್ಧ. ನುಂಗಿದ್ದನ್ನ ಕಣ್ಣಾರೆ ನೋಡಿ, ಆಮೇಲೆ ಸಹಿ. ನಾನೂ ಮೊದಲ ವರ್ಷ ಆ ತಪ್ಪು ಮಾಡಿದ್ದೀನಿ, ಸುಳ್ಳು ಹೇಳಲ್ಲ.

ಕಿರಿಮಗಳು ಅವರೇ, ನಿಮ್ಮ ಪೋಸ್ಟಲ್ಲಿ ನನಗೆ ಜೇಬಿಗಿಂತ ಜಾಸ್ತಿ ಕಣ್ಣಿಗೆ ಬಿದ್ದಿದ್ದು ಆ 'ಒಂದು ಖಾನೆಯೂ ಖಾಲಿ ಇಲ್ಲ' ಅನ್ನೋದು. ಮರೆವು ಇರೋ 81ರ ಮನುಷ್ಯ ಒಂದು ವಾರದಲ್ಲಿ ಒಂದ್ಸಲನೂ 'ಬೇಡ' ಅನ್ನಲಿಲ್ವಾ? ಒಂದ್ಸಲನೂ ಉಗುಳಲಿಲ್ವಾ? ಡೋಸ್ ಹೊತ್ತಲ್ಲಿ ನಿದ್ದೆ ಮಾಡ್ತಿರಲಿಲ್ವಾ? ಕೊಡೋಕೆ ಆಗದಿದ್ರೆ ಯಾಕೆ ಅಂತ ಬರೆಯೋಕೆ ಪ್ರತಿ ಚಾರ್ಟಲ್ಲೂ ಗುರುತುಗಳಿರುತ್ತೆ: ನಿರಾಕರಿಸಿದರು, ನಿದ್ದೆಯಲ್ಲಿದ್ದರು, ವಾಂತಿ, ಆಸ್ಪತ್ರೆಗೆ ಹೋಗಿದ್ದಾರೆ. ಆ ಗುರುತು ಒಂದೂ ಇಲ್ಲದ ಚಾರ್ಟ್ ನೋಡಿದ್ರೆ ನನಗೆ ಹೊಟ್ಟೆಯೊಳಗೆ ಕಲಸಿದ ಹಾಗಾಗುತ್ತೆ.

ಮಾತ್ರೆಡಬ್ಬ
ಫಾರ್ಮಸಿಸ್ಟ್ ಇಲ್ಲಿ. ನಾಲ್ಕು ಮಾತ್ರೆ ಯಾವ್ಯಾವುದು ಅಂತ ಗೊತ್ತಾಯ್ತಾ? ಅರ್ಧ ಕರಗಿದ್ದು ಪಾರ್ಕಿನ್ಸನ್ಸ್‌ದಾ?

ಕಿರಿಮಗಳು
ಹೌದು, ಅದು ಲೆವೊಡೋಪಾ ಇರೋದೇ. ಉಳಿದ ಮೂರರಲ್ಲಿ ಎರಡು ಬಿಪಿದು, ಒಂದು ಗೊತ್ತಾಗ್ಲಿಲ್ಲ.

ಮಾತ್ರೆಡಬ್ಬ
ಹಾಗಿದ್ರೆ ಎರಡು ವಿಷಯ, ಎರಡೂ ಅರ್ಜೆಂಟು.

ಲೆವೊಡೋಪಾ 'ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು' ಅನ್ನೋ ಜಾತಿಯ ಮಾತ್ರೆ ಅಲ್ಲ. ಗಡಿಯಾರ ನೋಡ್ಕೊಂಡು ಕೊಡೋದು. 8 ಗಂಟೆ ಅಂತಿದ್ರೆ ಅರ್ಧ ಗಂಟೆ ಆಚೆ ಈಚೆ, ಅಷ್ಟೇ. ತಪ್ಪಿದ್ರೆ ಮೈ ಬಿಗಿದು ಗಟ್ಟಿಯಾಗುತ್ತೆ, ಏಳೋಕಾಗಲ್ಲ, ನುಂಗೋದೂ ಕಷ್ಟ ಆಗುತ್ತೆ. ನುಂಗೋಕಾಗದೆ ಮುಂದಿನ ಡೋಸೂ ಜೇಬಿಗೆ ಹೋಗುತ್ತೆ. ಹಠಾತ್ತಾಗಿ ಪೂರ್ತಿ ನಿಂತು ಹೋದ್ರೆ ಜ್ವರ ಬಂದು ಪ್ರಾಣಕ್ಕೇ ಸಂಚಕಾರ.

ಬಿಪಿ ಮಾತ್ರೆಯ ಕಥೆ ಇನ್ನೂ ಬೇರೆ. ಅಪ್ಪ ನುಂಗ್ತಿಲ್ಲ, ಚಾರ್ಟ್ 'ನುಂಗಿದ್ದಾರೆ' ಅನ್ನುತ್ತೆ, ಬಿಪಿ ಮಾತ್ರ ಇಳೀತಿಲ್ಲ. ಡಾಕ್ಟರು ಚಾರ್ಟ್ ನಂಬಿ ಡೋಸ್ ಏರಿಸ್ತಾರೆ. ಆಮೇಲೆ ಒಂದು ದಿನ ನೈಟ್‌ಡ್ಯೂಟಿ ಥರದವರು ಯಾರೋ ಪಾಳಿಗೆ ಬಂದು, ಎದುರಿಗೆ ನಿಂತು ಎಲ್ಲಾ ನುಂಗಿಸ್ತಾರೆ. ಏರಿಸಿದ ಡೋಸ್ ಅಷ್ಟೂ ಒಟ್ಟಿಗೆ ಒಳಗೆ ಹೋಗುತ್ತೆ. ಎದ್ದು ನಿಂತಾಗ ಬಿಪಿ ಕುಸಿದು ಬೀಳ್ತಾರೆ. ಅದಕ್ಕೇ ಈ ಮೂರು ತಿಂಗಳಲ್ಲಿ ಏನಾದ್ರೂ ಡೋಸ್ ಜಾಸ್ತಿ ಮಾಡಿದ್ದಾರಾ ಅಂತ ಮೊದಲು ಕೇಳಿ. ಮಲಗಿದ್ದಾಗ ಒಂದು, ನಿಂತ ಮೇಲೆ ಒಂದು, ಎರಡು ಸಲ ಬಿಪಿ ನೋಡೋಕೆ ಹೇಳಿ.

ನೈಟ್‌ಡ್ಯೂಟಿ
ಥ್ಯಾಂಕ್ಸ್, ನನ್ನನ್ನೇ ವಿಲನ್ ಮಾಡಿದ್ರಿ 😄 ಆದ್ರೆ ನಿಜ. ನನ್ನ ಕಣ್ಣೆದುರೇ ಒಬ್ಬರು ಹಾಗೆ ಬಿದ್ದಿದ್ದಾರೆ.

ಗುಡುಗು_ಸಿಡಿಲು
ಜೇಬು ಹೊಲಿದು ಮುಚ್ಚಿಬಿಡಿ. ಸಮಸ್ಯೆ ಖಲಾಸ್.

ಕಿರಿಮಗಳು
ಇವತ್ತು ಫೋನ್ ಮಾಡಿದ್ದೆ. 'ಇನ್ಮೇಲೆ ಎಲ್ಲಾ ಮಾತ್ರೆನೂ ಕುಟ್ಟಿ ಪುಡಿ ಮಾಡಿ ಊಟದಲ್ಲಿ ಬೆರೆಸಿ ಕೊಡ್ತೀವಿ, ಜೇಬಿಗೆ ಹೋಗೋ ಪ್ರಶ್ನೆನೇ ಇಲ್ಲ' ಅಂದ್ರು. ಒಳ್ಳೇ ಉಪಾಯ ಅಲ್ವಾ?

ಮಾತ್ರೆಡಬ್ಬ
ಅಲ್ಲ ಅಲ್ಲ ಅಲ್ಲ. ಈಗಲೇ ಫೋನ್ ಮಾಡಿ ನಿಲ್ಲಿಸಿ.

ಎರಡನೇ_ಮಗ
ಯಾಕ್ರೀ ಇಷ್ಟು ಹೆದರಿಸ್ತೀರಾ? ನಮ್ಮಮ್ಮನಿಗೆ ಎರಡು ವರ್ಷದಿಂದ ಕುಟ್ಟಿಯೇ ಕೊಡ್ತಿರೋದು. ಏನೂ ಆಗಿಲ್ಲ. ಹೊಟ್ಟೆಗೆ ಹೋದ ಮೇಲೆ ಹೇಗಿದ್ರೂ ಪುಡಿ ಆಗೋದೇ ತಾನೆ.

ಮಾತ್ರೆಡಬ್ಬ
ಪುಡಿ ಆಗೋದೇ ಹೌದು ಸಾರ್. ಎಲ್ಲಿ ಆಗುತ್ತೆ, ಎಷ್ಟು ಹೊತ್ತಲ್ಲಿ ಆಗುತ್ತೆ ಅನ್ನೋದೇ ಔಷಧಿಯ ಅರ್ಧ ಕೆಲಸ. ಕೆಲವು ಮಾತ್ರೆಯನ್ನ ಇಡೀ ದಿನ ಸ್ವಲ್ಪ ಸ್ವಲ್ಪವೇ ಬಿಡುಗಡೆ ಆಗೋ ಹಾಗೆ ಮಾಡಿರ್ತಾರೆ. ಹೆಸರಿನ ಕೊನೆಗೆ ಎಸ್‌ಆರ್, ಎಕ್ಸ್‌ಆರ್, ಸಿಆರ್ ಅಂತೆಲ್ಲ ಇರುತ್ತೆ. ಕುಟ್ಟಿದ್ರೆ 24 ಗಂಟೆಯ ಔಷಧಿ ಒಂದೇ ಏಟಿಗೆ ರಕ್ತಕ್ಕೆ ಇಳಿಯುತ್ತೆ. ಬಿಪಿ ಮಾತ್ರೆ ಆದ್ರೆ ನೆಲ ಕಾಣಿಸುತ್ತೆ. ಆ ಅಕ್ಷರ ಇಲ್ಲ ಅಂದ ಮಾತ್ರಕ್ಕೆ ಕುಟ್ಟಬಹುದು ಅಂತಲೂ ಅಲ್ಲ. ಕೆಲವಕ್ಕೆ ಮೇಲೆ ಲೇಪನ ಇರೋದು ಹೊಟ್ಟೆಯ ಆಮ್ಲದಿಂದ ಔಷಧಿಯನ್ನ ಕಾಪಾಡೋಕೆ, ಇಲ್ಲಾ ಔಷಧಿಯಿಂದ ಹೊಟ್ಟೆಯನ್ನ ಕಾಪಾಡೋಕೆ. ಮೂಳೆ ಸವೆತಕ್ಕೆ ಕೊಡೋ ಅಲೆಂಡ್ರೋನೇಟ್ ಕುಟ್ಟಿ ಕೊಟ್ರೆ ಅನ್ನನಾಳ ಸುಟ್ಟು ಹುಣ್ಣಾಗುತ್ತೆ. ಅದನ್ನ ಇಡಿಯಾಗಿ, ಖಾಲಿ ಹೊಟ್ಟೇಲಿ, ಲೋಟ ತುಂಬಾ ನೀರಿನ ಜೊತೆ ನುಂಗಿ, ಅರ್ಧ ಗಂಟೆ ಮಲಗದೆ ಕೂತಿರಬೇಕು.

ಕುಟ್ಟೋರ ಕಥೆನೂ ಇದೆ. ಪ್ರಾಸ್ಟೇಟ್‌ಗೆ ಕೊಡೋ ಫಿನಾಸ್ಟರೈಡ್ ಪುಡಿಯನ್ನ ಗರ್ಭಿಣಿಯರು ಮುಟ್ಟಬಾರದು. ಪಾಪ, ಕುಟ್ಟೋ ಹುಡುಗಿಗೆ ಇದನ್ನ ಯಾರು ಹೇಳಿರ್ತಾರೆ? ಒಂದೇ ಕುಟ್ಟಾಣಿಯಲ್ಲಿ ಹತ್ತು ಜನರ ಮಾತ್ರೆ ಕುಟ್ಟಿದ್ರೆ ಒಬ್ಬರದ್ದು ಇನ್ನೊಬ್ಬರ ಹೊಟ್ಟೆಗೆ ಹೋಗೋದು ಬೇರೆ.

ನುಂಗೋಕಾಗದಿದ್ರೆ ದಾರಿ ಇದೆ. ಎಷ್ಟೋ ಔಷಧಿ ಸಿರಪ್ಪಲ್ಲಿ, ಚರ್ಮಕ್ಕೆ ಅಂಟಿಸೋ ಪ್ಯಾಚಲ್ಲಿ, ನೀರಲ್ಲಿ ಕರಗೋ ಮಾತ್ರೆಯಲ್ಲಿ ಸಿಗುತ್ತೆ. ನಿಮ್ಮಮ್ಮನ ಪಟ್ಟಿ ಹಿಡ್ಕೊಂಡು ಒಬ್ಬ ಫಾರ್ಮಸಿಸ್ಟ್ ಹತ್ರ ಹೋಗಿ, ಐದು ನಿಮಿಷದ ಕೆಲಸ.

ಎರಡನೇ_ಮಗ
ಪಟ್ಟಿ ನೋಡಿದೆ. ಒಂದರ ಕೊನೆಗೆ ಎಕ್ಸ್‌ಆರ್ ಅಂತಿದೆ. ಸುಮ್ನಿರ್ತೀನಿ.

ಬಿಳಿಕೋಟು
ಊಟದಲ್ಲಿ ಬೆರೆಸುವ ವಿಷಯ ಯಾರೂ ಎತ್ತಲಿಲ್ಲ. ಗೊತ್ತಿಲ್ಲದಂತೆ ಔಷಧಿ ಕೊಡುವುದು ನರ್ಸ್ ಒಬ್ಬರೇ ಅಡುಗೆಮನೆಯಲ್ಲಿ ನಿಂತು ತೀರ್ಮಾನ ಮಾಡುವ ಸಂಗತಿಯಲ್ಲ. ಆ ವ್ಯಕ್ತಿಗೆ ತನ್ನ ಚಿಕಿತ್ಸೆಯ ಬಗ್ಗೆ ನಿರ್ಧರಿಸುವ ಶಕ್ತಿ ಇದ್ದರೆ 'ಬೇಡ' ಅನ್ನುವ ಹಕ್ಕೂ ಇದೆ. ಆ ಶಕ್ತಿ ಇಲ್ಲದಿದ್ದರೆ ವೈದ್ಯರು, ಮನೆಯವರು, ಫಾರ್ಮಸಿಸ್ಟ್ ಒಟ್ಟಿಗೆ ಕೂತು, ಯಾವ ಔಷಧಿ ಅಷ್ಟೊಂದು ಅಗತ್ಯ ಎಂದು ನೋಡಿ, ಕಾರಣ ಬರೆದಿಟ್ಟು ಮಾಡಬೇಕು. ಇನ್ನೊಂದು: ತಟ್ಟೆಯಲ್ಲಿ ಅರ್ಧ ಊಟ ಬಿಟ್ಟರೆ ಎಷ್ಟು ಡೋಸ್ ಹೋಯಿತು ಅಂತ ಯಾರು ಲೆಕ್ಕ ಹಾಕುತ್ತಾರೆ? ಲೆವೊಡೋಪಾ ಅಂತೂ ಪ್ರೋಟೀನ್ ಹೆಚ್ಚಿರುವ ಊಟದ ಜೊತೆ ಹೋದರೆ ಸರಿಯಾಗಿ ಹೀರಿಕೆ ಆಗುವುದಿಲ್ಲ.

ಹಳೇಕನ್ನಡಕ
ಎಲ್ಲರೂ ಹೊರಗಿನಿಂದ ಮಾತಾಡುತ್ತಿದ್ದೀರಿ. ನಾನು ಒಳಗಿನಿಂದ ಬರೆಯುತ್ತಿದ್ದೇನೆ. ವಯಸ್ಸು 77, ಇಂಥದೇ ಒಂದು ಕಡೆ ಮೂರು ವರ್ಷದಿಂದ ಇದ್ದೇನೆ. ತಲೆ ಇನ್ನೂ ನೆಟ್ಟಗಿದೆ.

ಮಾತ್ರೆಯನ್ನು ಜೇಬಿಗೆ ಹಾಕುವ ಕಲೆ ನನಗೂ ಬರುತ್ತದೆ. ನಾಲಿಗೆಯ ಕೆಳಗಲ್ಲ, ಅಲ್ಲಿ ನೋಡುತ್ತಾರೆ. ದವಡೆಯ ಹಿಂದೆ, ಹಲ್ಲುಸೆಟ್ಟಿನ ಪಕ್ಕ. ನೀರು ಕುಡಿದು 'ಆ' ಎಂದು ಬಾಯಿ ತೆರೆದು ತೋರಿಸಬೇಕು. ನರ್ಸ್ ತಿರುಗಿದ ಮೇಲೆ ಕರ್ಚೀಫು.

ಯಾಕೆ ಅಂತೀರಾ? ಮೂತ್ರ ಹೋಗುವ ಮಾತ್ರೆಯನ್ನು ಬೆಳಿಗ್ಗೆ ಹತ್ತಕ್ಕೆ ಕೊಡುತ್ತಿದ್ದರು. ಹತ್ತೂವರೆಗೆ ನಮ್ಮನ್ನು ಅಂಗಳಕ್ಕೆ ಕರೆದುಕೊಂಡು ಹೋಗುತ್ತಾರೆ, ದಿನಕ್ಕೆ ಬಿಸಿಲು ಕಾಣುವುದು ಅಷ್ಟೇ ಹೊತ್ತು. ಅಂಗಳದಲ್ಲಿ ಶೌಚಾಲಯವಿಲ್ಲ. ಒಮ್ಮೆ ಎಲ್ಲರೆದುರು ಪಂಚೆ ಒದ್ದೆಯಾಯಿತು. ಮಾರನೆಯ ದಿನದಿಂದ ಆ ಮಾತ್ರೆ ಕರ್ಚೀಫಿಗೆ. ಎರಡು ತಿಂಗಳಾದ ಮೇಲೆ ಕಾಲು ಊದಿ ಸಿಕ್ಕಿಬಿದ್ದೆ. ಬುದ್ಧಿವಾದ ಎಲ್ಲರೂ ಹೇಳಿದರು. 'ಯಾಕೆ ನುಂಗಲಿಲ್ಲ ಅಜ್ಜ' ಎಂದು ಕೇಳಿದ್ದು ಹೊಸದಾಗಿ ಬಂದ ಒಬ್ಬಳು ಹುಡುಗಿ ಮಾತ್ರ. ಈಗ ಆರೂವರೆಗೆ ಕೊಡುತ್ತಾರೆ. ಹತ್ತರ ಹೊತ್ತಿಗೆ ಎಲ್ಲಾ ಮುಗಿದಿರುತ್ತದೆ. ನುಂಗುತ್ತೇನೆ.

ಆ ಜೇಬು ಹೊಲಿಯಿರಿ ಅಂದವರು ಯಾರಪ್ಪ?

ಗುಡುಗು_ಸಿಡಿಲು
ನಾನೇ ಸಾರ್. ತಪ್ಪಾಯ್ತು.

ನೈಟ್‌ಡ್ಯೂಟಿ
ದವಡೆಯ ಹಿಂದೆ!! ನಾಳೆಯಿಂದ ಅಲ್ಲೂ ನೋಡ್ತೀನಿ ಅಜ್ಜ. ನಿಮ್ಮ ಗೆಳೆಯರು ನಿಮ್ಮನ್ನ ಬೈಕೊಳ್ತಾರೆ.

ಉಸ್ತುವಾರಿ
ನಾನು ಒಂದು ಕೇಂದ್ರದ ಮ್ಯಾನೇಜರ್. ಇಷ್ಟು ಹೊತ್ತು ಬರೀಬೇಕೋ ಬೇಡ್ವೋ ಅಂತ ಯೋಚಿಸ್ತಿದ್ದೆ. ಎಲ್ಲರೂ ಸುಳ್ಳುಗಾರರು ಅಂದ್ರೆ ಬೇಜಾರಾಗುತ್ತೆ.

ನಮ್ಮಲ್ಲೇ ಆಗಿದ್ದು ಹೇಳ್ತೀನಿ. ಒಂದೇ ಹೆಸರಿನ ಇಬ್ಬರು ಅಜ್ಜಿಯರಿದ್ರು, ಎದುರುಬದುರು ರೂಮು. ಹೊಸ ನರ್ಸ್ ಬಾಗಿಲಲ್ಲಿ ನಿಂತು ಹೆಸರು ಹಿಡಿದು 'ನೀವೇ ಅಲ್ವಾ' ಅಂತ ಕೇಳಿದ್ಲು. ಮರೆವಿರೋ ಅಜ್ಜಿ ನಗ್ತಾ 'ಹೂಂ' ಅಂದ್ರು. ಯಾವ ಹೆಸರು ಹೇಳಿದ್ರೂ ಅವರು 'ಹೂಂ' ಅಂತಿದ್ರು ಅನ್ನೋದು ಬೇರೆ ಮಾತು. ಶುಗರ್ ಇಲ್ಲದವರಿಗೆ ಶುಗರ್ ಮಾತ್ರೆ ಹೋಯ್ತು. ಹತ್ತು ನಿಮಿಷಕ್ಕೆ ಅವಳಿಗೇ ಗೊತ್ತಾಗಿ, ಅಳ್ತಾ ಓಡಿ ಬಂದು ಹೇಳಿದ್ಲು. ಡಾಕ್ಟರಿಗೆ ಫೋನ್ ಮಾಡಿದ್ವಿ, ಮತ್ತೆ ಮತ್ತೆ ಶುಗರ್ ನೋಡ್ತಾ ಇದ್ವಿ. ಒಂದು ಹಂತದಲ್ಲಿ 58ಕ್ಕೆ ಇಳೀತು. 15 ಗ್ರಾಂ ಗ್ಲೂಕೋಸ್ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡಿದ್ವಿ. ಆ ಜಾತಿ ಮಾತ್ರೆ ಬೇಗ ಇಳಿಯಲ್ಲ, ರಾತ್ರಿ ಪೂರ್ತಿ ಎಚ್ಚರ ಇದ್ವಿ. ಅಜ್ಜಿ ಹುಷಾರಾದ್ರು. ಅವರ ಮಗನಿಗೆ ಅವತ್ತೇ ಇದ್ದದ್ದು ಇದ್ದ ಹಾಗೇ ಹೇಳಿದ್ವಿ. ಅವರು ಕೂಗಾಡಿದ್ರು, ಕೂಗಾಡೋ ಹಕ್ಕು ಅವರಿಗಿತ್ತು.

ಆ ಹುಡುಗಿಯನ್ನ ಕೆಲಸದಿಂದ ತೆಗೀಬೇಕು ಅಂತ ಮೇಲಿನವರು ಅಂದ್ರು. ನಾನು ಬಿಡಲಿಲ್ಲ. ಅವಳನ್ನ ತೆಗೆದ್ರೆ ಮುಂದಿನ ನರ್ಸ್ ಓಡಿ ಬಂದು ಹೇಳಲ್ಲ, ಬಾಯಿ ಮುಚ್ಕೊಂಡು ಇರ್ತಾಳೆ. ಈಗ ಪ್ರತಿ ಚಾರ್ಟಿಗೂ ಫೋಟೋ ಅಂಟಿಸಿದ್ದೀವಿ. 'ನೀವು ಇಂಥವರಾ' ಅಂತ ಕೇಳೋ ಹಾಗಿಲ್ಲ, 'ನಿಮ್ಮ ಹೆಸರೇನು' ಅಂತ ಕೇಳ್ಬೇಕು. ಹೇಳೋಕಾಗದಿದ್ರೆ ಫೋಟೋ ಮತ್ತು ಗೊತ್ತಿರೋ ಇನ್ನೊಬ್ಬ ಸ್ಟಾಫ್. ಔಷಧಿ ಕೊಡೋವಾಗ ಕೆಂಪು ಏಪ್ರನ್, ಅದು ಮೈ ಮೇಲಿರೋವಾಗ ಯಾರೂ ಮಾತಾಡಿಸಬಾರದು. ಮನೆಯವರಿಗೆ ಅದೊಂದು ಅರ್ಥ ಆಗಲ್ಲ, 'ಒಂದ್ನಿಮಿಷ' ಅಂತ ಬಂದೇ ಬರ್ತಾರೆ.

ಗುಡುಗು_ಸಿಡಿಲು
ಅಂದ್ರೆ ಕೊನೆಗೆ ತಪ್ಪು ಮನೆಯವರದ್ದು. ಗೊತ್ತಿತ್ತು ಇಲ್ಲಿಗೇ ಬರುತ್ತೆ ಅಂತ.

ಮಾತ್ರೆಡಬ್ಬ
ಗುಡುಗು ಅವರೇ, ಇಂಗ್ಲೆಂಡಿನಲ್ಲಿ 2009ರಲ್ಲಿ ಒಂದು ಅಧ್ಯಯನ ಬಂತು. 55 ಕೇಂದ್ರ, 256 ಹಿರಿಯರು. ನೋಡಿದ ದಿನ 10ರಲ್ಲಿ 7 ಜನರ ಔಷಧಿಯಲ್ಲಿ ಕನಿಷ್ಠ ಒಂದು ತಪ್ಪು ಸಿಕ್ಕಿತ್ತು. ಅದೂ ಬರೀ ನರ್ಸ್‌ಗಳದ್ದಲ್ಲ. ಬರೆದುಕೊಟ್ಟ ಡಾಕ್ಟರದ್ದು, ಕಟ್ಟಿಕೊಟ್ಟ ನಮ್ಮಂಥವರದ್ದು, ರಕ್ತಪರೀಕ್ಷೆ ಮಾಡಿಸದೆ ಬಿಟ್ಟಿದ್ದು, ಎಲ್ಲಾ ಸೇರಿ. ಸರಾಸರಿ ಒಬ್ಬೊಬ್ಬರಿಗೆ ಎಂಟು ಔಷಧಿ. ಕೆಟ್ಟ ಕೇಂದ್ರ ಬಿಟ್ಟು ಒಳ್ಳೇದಕ್ಕೆ ಹೋಗ್ತೀನಿ ಅಂದ್ರೆ ತಪ್ಪೇ ಇಲ್ಲದ ಕೇಂದ್ರ ಎಲ್ಲೂ ಸಿಗಲ್ಲ. ತಪ್ಪನ್ನ ಬರೆದಿಡೋ ಕೇಂದ್ರ ಹುಡುಕಿ.

ಬಿಳಿಕೋಟು
ಡಾಕ್ಟರದ್ದು ಅಂದಿರಲ್ಲ, ಒಪ್ಪಿಕೊಳ್ಳುತ್ತೇನೆ. ಹಳೇಕನ್ನಡಕ ಅವರೇ, ನಿಮಗೆ ಬಿಪಿಗೆ ಆಮ್ಲೋಡಿಪಿನ್ ಇದೆಯೇ? ಕೇಳಲು ಕಾರಣ ಇದೆ. ಆಮ್ಲೋಡಿಪಿನ್‌ನಿಂದ ಕೆಲವರಿಗೆ ಪಾದ ಊದುತ್ತದೆ. ಅದು ಔಷಧಿಯ ಅಡ್ಡಪರಿಣಾಮ ಎಂದು ಹೊಳೆಯದೆ ಒಬ್ಬರು ಮೂತ್ರದ ಮಾತ್ರೆ ಬರೆಯುತ್ತಾರೆ. ಮೂತ್ರ ತಡೆಯಲಾಗುವುದಿಲ್ಲ ಎಂದು ಇನ್ನೊಬ್ಬರು ಆಕ್ಸಿಬ್ಯುಟಿನಿನ್ ಬರೆಯುತ್ತಾರೆ. ಅದರಿಂದ ಬಾಯಿ ಒಣಗಿ, ಮಲಬದ್ಧತೆಯಾಗಿ, ತಲೆ ಮಂಕಾಗುತ್ತದೆ. ಮಂಕು ನೋಡಿ ಮೂರನೆಯವರು ಮರೆವಿನ ಮಾತ್ರೆ ಶುರುಮಾಡುತ್ತಾರೆ. ಮೊದಲನೆಯದೊಂದನ್ನು ಬದಲಿಸಿದ್ದರೆ ಉಳಿದ ಮೂರೂ ಬೇಕಿರಲಿಲ್ಲ. ಹಾಗಂತ ನೀವಾಗಿಯೇ ನಿಲ್ಲಿಸಬೇಡಿ, ಹೃದಯ ಅಥವಾ ಕಿಡ್ನಿಯ ಕಾರಣವೂ ಇರಬಹುದು.

ಕಿರಿಮಗಳು, ಇಡೀ ಪಟ್ಟಿಯ ಮರುಪರಿಶೀಲನೆ ಕೊನೆಯ ಸಲ ಯಾವಾಗ ಆಯಿತು ಎಂದು ಕೇಳಿ. ಒಂದೊಂದು ಮಾತ್ರೆಗೂ 'ಇದು ಯಾಕೆ' ಎಂದು ಕೇಳಿದರೆ ಉತ್ತರ ಬರಬೇಕು. ಹಿರಿಯರಿಗೆ ಯಾವ ಔಷಧಿ ಆಗದು ಎನ್ನುವ ಬಿಯರ್ಸ್ ಪಟ್ಟಿ 1991ರಲ್ಲಿ ಮೊದಲು ಬಂದದ್ದೇ ಇಂಥ ಆರೈಕೆ ಕೇಂದ್ರಗಳಲ್ಲಿ ಇರುವವರಿಗಾಗಿ. ಮತ್ತೆ ಅಪ್ಪನಿಗೆ ಪಾರ್ಕಿನ್ಸನ್ಸ್ ಇರುವುದರಿಂದ ವಾಂತಿಗೆ ಮೆಟೊಕ್ಲೋಪ್ರಮೈಡ್, ರಾತ್ರಿ ಗಲಾಟೆಗೆ ಹ್ಯಾಲೊಪೆರಿಡಾಲ್ ಕೊಡಬಾರದು ಎಂದು ಚಾರ್ಟಿನ ಮೊದಲ ಪುಟದಲ್ಲೇ ಬರೆಸಿ.

ಹಳೇಕನ್ನಡಕ
ಆಮ್ಲೋಡಿಪಿನ್ ಇದೆ ಡಾಕ್ಟ್ರೇ. 10 ಮಿಲಿಗ್ರಾಂ. ಗುರುವಾರ ನಮ್ಮ ಡಾಕ್ಟರು ಬರುತ್ತಾರೆ, ಕೇಳುತ್ತೇನೆ. ಪಂಚೆಯ ಮಾನಹಾನಿಗೆ ಯಾರ ಮೇಲೆ ಕೇಸು ಹಾಕಲಿ?

ಸುಮ್ನೆ_ಓದೋಳು
ಸ್ವಲ್ಪ ಬೇರೆ ವಿಷಯ. ನಮ್ಮತ್ತೆ ಮೊನ್ನೆ ಕಿವಿ ಮೆಷಿನ್ನಿನ ಬಟನ್ ಬ್ಯಾಟರಿನ ಮಾತ್ರೆ ಅಂದ್ಕೊಂಡು ಬಾಯಿಗೆ ಹಾಕಿದ್ರು! ಎರಡೂ ಒಂದೇ ಡಬ್ಬಿಯಲ್ಲಿಟ್ಟಿದ್ವಿ. ನರ್ಸ್ ನೋಡಿದ್ದಕ್ಕೆ ಉಳೀತು.

ನೈಟ್‌ಡ್ಯೂಟಿ
ಬೇರೆ ವಿಷಯ ಏನಲ್ಲ ಅಕ್ಕ, ಅದೂ ಇದೇ. ನುಂಗಿದ್ರೆ ಎಕ್ಸ್‌ರೇ ತೆಗೆಸಬೇಕು, ಅನ್ನನಾಳದಲ್ಲಿ ಸಿಕ್ಕಿಕೊಂಡ್ರೆ ಕೆಲವೇ ಗಂಟೆಯಲ್ಲಿ ಸುಡುತ್ತೆ. ಮನೆಯವರು ತರೋ ವಸ್ತುಗಳ ಬಗ್ಗೆ ಬರೆದ್ರೆ ಪುಸ್ತಕ ಆಗುತ್ತೆ. ಚೀಲದ ತಳದಲ್ಲಿ ನೋವಿನ ಮಾತ್ರೆ ಸ್ಟ್ರಿಪ್ಪು, 'ನರ್ಸಿಗೆ ಹೇಳ್ಬೇಡ, ನೋವಾದಾಗ ತಗೋ' ಅಂತ ಪಿಸುಮಾತು.

ಎರಡನೇ_ಮಗ
ಅದು ನಾನೇ 😬 ಅಮ್ಮನ ಮಂಡಿನೋವಿಗೆ ಐಬುಪ್ರೊಫೆನ್ ಕೊಟ್ಟು ಬಂದಿದ್ದೀನಿ. ನೋವಿನ ಮಾತ್ರೆ ತಾನೆ?

ಮಾತ್ರೆಡಬ್ಬ
ಅಮ್ಮನಿಗೆ ಬಿಪಿಗೆ ರಾಮಿಪ್ರಿಲ್ ಅಥವಾ ಟೆಲ್ಮಿಸಾರ್ಟನ್ ಥರದ್ದು ಇದೆಯಾ? ಮೂತ್ರದ ಮಾತ್ರೆ?

ಎರಡನೇ_ಮಗ
ಎರಡೂ ಇದೆ.

ಮಾತ್ರೆಡಬ್ಬ
ಆ ಮೂರೂ ಒಟ್ಟಿಗೆ ಸೇರಿದ್ರೆ ಕಿಡ್ನಿಗೆ ಮೂರು ಕಡೆಯಿಂದ ಏಟು. ಇವತ್ತೇ ನರ್ಸಿಗೆ ಹೇಳಿ, ಎಷ್ಟು ತಗೊಂಡಿದ್ದಾರೆ ಅಂತಲೂ ಹೇಳಿ, ಕಿಡ್ನಿ ಹೇಗಿದೆ ಅಂತ ತೋರಿಸೋ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿ. ನಾಚಿಕೆ ಪಡಬೇಡಿ. ಮಂಡಿಗೆ ಬೇರೆ ದಾರಿ ಇದೆ.

ಎರಡನೇ_ಮಗ
ಹೊರಟೆ.

ಉಸ್ತುವಾರಿ
ನಮ್ಮ ಅನುಭವದಲ್ಲಿ ಅತಿ ಹೆಚ್ಚು ತಪ್ಪು ಆಗೋದು ಆಸ್ಪತ್ರೆಯಿಂದ ವಾಪಸ್ ಬಂದ ದಿನ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಒಂದು ಬ್ರಾಂಡ್ ಹೆಸರು, ಇಲ್ಲಿರೋ ಸ್ಟ್ರಿಪ್ಪಲ್ಲಿ ಇನ್ನೊಂದು. ಒಳಗಿರೋ ಔಷಧಿ ಒಂದೇ. ಎರಡನ್ನೂ ಕೊಡ್ತಾ ಹೋಗ್ತಾರೆ. ಅವತ್ತು ಹಳೇ ಪಟ್ಟಿ, ಹೊಸ ಪಟ್ಟಿ ಪಕ್ಕ ಪಕ್ಕ ಇಟ್ಟು ಮೂಲ ಔಷಧಿಯ ಹೆಸರು ಹಿಡಿದು ತಾಳೆ ನೋಡ್ಬೇಕು. ಇನ್ಸುಲಿನ್ ಇರೋರಿಗೆ ಸಿರಿಂಜೂ ನೋಡಿ. ಒಂದು ಎಂಎಲ್‌ಗೆ 100 ಯೂನಿಟ್ ಇರೋ ಇನ್ಸುಲಿನ್ನನ್ನ, ಎಂಎಲ್‌ಗೆ 40 ಯೂನಿಟ್ ಲೆಕ್ಕದ ಸಿರಿಂಜಲ್ಲಿ 20ರ ಗೆರೆಗೆ ಎಳೆದ್ರೆ ಒಳಗೆ ಹೋಗೋದು 50 ಯೂನಿಟ್.

ಕಿರಿಮಗಳು
ಅಪ್‌ಡೇಟ್. ಬುಧವಾರ ರಜ ಹಾಕಿ ಹೋದೆ. ಮಾತ್ರೆ ಕೊಡೋ ಹೊತ್ತಲ್ಲಿ ಪಕ್ಕದಲ್ಲೇ ಕೂತೆ, ನರ್ಸನ್ನ ಮಾತಾಡಿಸಲಿಲ್ಲ (ಉಸ್ತುವಾರಿ ಅವರ ಕೆಂಪು ಏಪ್ರನ್ ನೆನಪಾಯ್ತು). ಐದು ಮಾತ್ರೆ ಒಟ್ಟಿಗೆ ಬಾಯಿಗೆ ಹಾಕಿ ಒಂದು ಗುಟುಕು ನೀರು ಕೊಟ್ರು. ಅಪ್ಪ ನುಂಗೋಕೆ ಒದ್ದಾಡಿದ್ರು, ಕಣ್ಣಲ್ಲಿ ನೀರು ಬಂತು. ನರ್ಸ್ ಮುಂದಕ್ಕೆ ಹೋದ ಮೇಲೆ ಎರಡು ಮಾತ್ರೆ ಕೈಗೆ ಉಗುಳಿ ಜೇಬಿಗೆ ಹಾಕ್ಕೊಂಡ್ರು. 'ಯಾಕಪ್ಪ' ಅಂದೆ. 'ಗಂಟ್ಲಲ್ಲಿ ನಿಲ್ಲುತ್ತೆ. ಕೆಳಗೆ ಬೀಳಿಸಿದ್ರೆ ಆ ಹುಡುಗಿಗೆ ಬೈತಾರೆ' ಅಂದ್ರು.

ಡಾಕ್ಟರ್ ನೋಡಿದ್ರು. ಬಿಪಿದು ಹೋದ ತಿಂಗಳು ನಿಜವಾಗಲೂ ಡಬಲ್ ಮಾಡಿದ್ರಂತೆ, ಇಳಿಸಿದ್ದಾರೆ. ಲೆವೊಡೋಪಾ ನೀರಲ್ಲಿ ಕರಗೋದು ಬರೆದಿದ್ದಾರೆ, ಸಮಯ ಗಡಿಯಾರದ ಲೆಕ್ಕಕ್ಕೆ. ಉಳಿದವು ಒಂದೊಂದಾಗಿ, ನೆಟ್ಟಗೆ ಕೂರಿಸಿ. ನುಂಗೋ ಪರೀಕ್ಷೆ ಆಗೋವರೆಗೂ ನೀರಿಗೆ ಗಟ್ಟಿ ಮಾಡೋ ಪುಡಿ ಹಾಕಿ ಕೊಡ್ತಾರೆ.

ಇವತ್ತಿನ ಚಾರ್ಟ್ ಫೋಟೋ ಕಳಿಸಿದ್ರು. ಮಧ್ಯಾಹ್ನ 2ರ ಖಾನೆಯಲ್ಲಿ ಸಹಿ ಇಲ್ಲ. 'ನಿರಾಕರಿಸಿದರು, 2:20ಕ್ಕೆ ಮತ್ತೆ ಕೇಳಿದೆ, ತೆಗೆದುಕೊಂಡರು' ಅಂತ ಸಣ್ಣ ಅಕ್ಷರದಲ್ಲಿ ಬರೆದಿದೆ. ಓದಿ ಯಾಕೋ ಅಳು ಬಂತು.

ನೈಟ್‌ಡ್ಯೂಟಿ
❤️

ಮಾತ್ರೆಡಬ್ಬ
ಒಂದೇ ಒಂದು ಕೇಳಿ ಬಿಡ್ತೀನಿ. ಪಾರ್ಕಿನ್ಸನ್ಸ್ ಅಂದ್ರೆ ಮಲಬದ್ಧತೆನೂ ಇರುತ್ತೆ. ಅದಕ್ಕೆ ನೀರಲ್ಲಿ ಕಲಸೋ ಮ್ಯಾಕ್ರೋಗಾಲ್ ಪುಡಿ ಕೊಡ್ತಿದ್ದಾರಾ? ಗಟ್ಟಿ ಮಾಡೋ ಪುಡಿ ಸ್ಟಾರ್ಚಿನದ್ದಾದ್ರೆ ಅವೆರಡೂ ಸೇರಿದಾಗ ಮತ್ತೆ ನೀರಾಗುತ್ತೆ. ಶ್ವಾಸನಾಳಕ್ಕೆ ಇಳಿಯೋ ಅಪಾಯ ಇದೆ. ಯಾವುದರದ್ದು ಅಂತ ಡಬ್ಬಿ ಮೇಲೆ ನೋಡಿ.

ಕಿರಿಮಗಳು
ಕೊಡ್ತಿದ್ದಾರೆ!! ಡಬ್ಬಿ ಫೋಟೋ ಕೇಳ್ತೀನಿ, ಒಂದ್ನಿಮಿಷ.